ಟಿವಿಯಲ್ಲಿ ಚಿತ್ರ ಬರ್ತಿದೆ ಸರಿ, ರೆಕಾರ್ಡ್ ಆಗ್ತಿದೆಯಾ?

ಹೋಟೆಲ್, ಲಾಡ್ಜ್‌ಗಳ ಸಿಸಿಟಿವಿ ಕ್ಯಾಮೆರಾ ನೋಡಿಕೊಳ್ಳುವುದು ನನ್ನ ಕೆಲಸ. ಬೆಂಗಳೂರಿನ ಗಾಂಧಿನಗರದ ಒಂದು ಲಾಡ್ಜ್‌ನಿಂದ ಬೆಳಗಿನ ಜಾವ ಐದೂವರೆಗೆ ಫೋನ್ ಬಂತು. ರಾತ್ರಿ ಬಸ್ಸಿಳಿದು ಬಂದವರೊಬ್ಬರ ಸೂಟ್‌ಕೇಸ್ ರಿಸೆಪ್ಷನ್ ಮುಂದಿನಿಂದಲೇ ಮಾಯ. "ಕ್ಯಾಮೆರಾದಲ್ಲಿ ಏನೂ ಸಿಗ್ತಿಲ್ಲ ಸಾರ್, ಬೇಗ ಬನ್ನಿ" ಅಂದರು ಮ್ಯಾನೇಜರ್. ಹೋಗಿ ನೋಡಿದೆ. ಟಿವಿಯಲ್ಲಿ ಎಂಟೂ ಕ್ಯಾಮೆರಾ ಚೆನ್ನಾಗಿ ಓಡುತ್ತಿವೆ. ಪ್ಲೇಬ್ಯಾಕ್ ತೆಗೆದರೆ ಹಿಂದಿನ ಏಳು ವಾರ ಖಾಲಿ. ಹಾರ್ಡ್ ಡಿಸ್ಕ್ ಯಾವತ್ತೋ ಸತ್ತಿದೆ.

ಡಿಸ್ಕ್ ಕೆಟ್ಟರೆ ಡಿವಿಆರ್ (ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ) ಕುಂಯ್ ಕುಂಯ್ ಅಂತ ಕೂಗಬೇಕಲ್ವಾ? ಕೂಗಿರಲಿಲ್ಲ. "ಆ ಶಬ್ದ ತಲೆ ತಿನ್ನುತ್ತೆ, ನಿಲ್ಲಿಸಿಬಿಡಿ" ಅಂತ ಹಿಂದಿನ ವರ್ಷ ಅವರೇ ಹೇಳಿದ್ದರು. ನಿಲ್ಲಿಸಿದ್ದು ನಾನೇ.

ಅದಕ್ಕೇ ಈಗ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಕೊಟ್ಟ ಪ್ರತಿ ಹೋಟೆಲ್‌ನಲ್ಲೂ ಮೊದಲು ಹೇಳುವ ಮಾತು ಇದು: ಟಿವಿ ನೋಡಬೇಡಿ, ಪ್ಲೇಬ್ಯಾಕ್ ನೋಡಿ. ವಾರಕ್ಕೊಮ್ಮೆ, ಸೋಮವಾರ ಬೆಳಗ್ಗೆ ಕಾಫಿ ಕುಡಿಯುತ್ತಾ ಮಾಡಿದರೂ ಸಾಕು. ನಿನ್ನೆ ರಾತ್ರಿ ಮೂರು ಗಂಟೆಯದು ತೆಗೆಯಿರಿ, ಹೋದ ವಾರದ್ದು ತೆಗೆಯಿರಿ, ಆಮೇಲೆ ಸರಿಯಾಗಿ 30 ದಿನ ಹಿಂದಿನದು. ಮೂರೂ ಓಡಿದರೆ ಡಿಸ್ಕ್ ಬದುಕಿದೆ. ಬಜರ್ ಕಿರಿಕಿರಿ ಅನಿಸಿದರೆ ಪೂರ್ತಿ ಬಾಯಿ ಮುಚ್ಚಿಸಬೇಡಿ. ಡಿವಿಆರ್‌ನ ಎಕ್ಸೆಪ್ಶನ್ ಮೆನುವಿನಲ್ಲಿ ಒಂದೊಂದು ತೊಂದರೆಗೂ ಬೇರೆ ಬೇರೆ ಟಿಕ್ ಇರುತ್ತದೆ. ನೆಟ್‌ವರ್ಕ್ ಹೋದಾಗಿನ ಕೂಗು ತೆಗೆಯಿರಿ, ಡಿಸ್ಕ್ ಎರರ್‌ನ ಕೂಗು ಇರಲಿ.

30 ದಿನ ಯಾಕೆ ಅಂದರೆ, 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಕೇಳುವುದು ಅಷ್ಟು. ಒಂದೇ ಸಲಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಜಾಗಕ್ಕೆ ಅದು ಅನ್ವಯ. ಬೆಳಗಿನ ಇಡ್ಲಿ ಹೊತ್ತಿನಲ್ಲೇ ಎಷ್ಟೋ ದರ್ಶಿನಿಗಳು ಆ ಲೆಕ್ಕ ದಾಟುತ್ತವೆ. ಡಿಸ್ಕ್ ಲೆಕ್ಕ ಸುಲಭ. 2 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 2 ಮೆಗಾಬಿಟ್) ದಿನವಿಡೀ ರೆಕಾರ್ಡ್ ಮಾಡುವ ಒಂದು ಕ್ಯಾಮೆರಾ ದಿನಕ್ಕೆ 21 ಜಿಬಿ ಚಿಲ್ಲರೆ ತಿನ್ನುತ್ತದೆ. ಎಂಟು ಕ್ಯಾಮೆರಾ, 30 ದಿನ ಅಂದರೆ 5 ಟಿಬಿ ದಾಟಿತು. 4 ಟಿಬಿ ಹಾಕಿ ನೆಮ್ಮದಿಯಾಗಿದ್ದರೆ ಇಪ್ಪತ್ಮೂರು ದಿನಕ್ಕೇ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ಎಸ್‌ಪಿ ರೋಡ್‌ಗೆ ಹೋದಾಗ ಕಂಪ್ಯೂಟರ್ ಡಿಸ್ಕ್ ಕಮ್ಮಿಗೆ ಸಿಗುತ್ತದೆ ಅಂತ ತರಬೇಡಿ, ದಿನವಿಡೀ ರೆಕಾರ್ಡ್ ಮಾಡಲೆಂದೇ ಮಾಡಿದ ಸರ್ವೇಲೆನ್ಸ್ ಡಿಸ್ಕ್ ಅಂತಲೇ ಕೇಳಿ.

ಇನ್ನು ಅಡುಗೆಮನೆ. ಜಯನಗರದ ದರ್ಶಿನಿಯೊಂದರಲ್ಲಿ ಕ್ಯಾಮೆರಾ ದೋಸೆ ಕಲ್ಲಿನ ನೇರ ಮೇಲೆ. ಎರಡು ತಿಂಗಳಲ್ಲಿ ಡೋಮ್ (ಕ್ಯಾಮೆರಾ ಮುಂದಿನ ಗುಂಡನೆಯ ಪ್ಲಾಸ್ಟಿಕ್ ಮುಚ್ಚಳ) ಮೇಲೆ ಬೆಲ್ಲದ ಪಾಕದ ಬಣ್ಣದ ಜಿಡ್ಡು ಕೂತಿತ್ತು. ಹುಡುಗ ಪಾಪ, ಮಾಲೀಕರು ಬೈದರು ಅಂತ ಪಾತ್ರೆ ತಿಕ್ಕುವ ಸ್ಟೀಲ್ ನಾರಿನಲ್ಲೇ ಉಜ್ಜಿದ್ದ. ಹಗಲು ಪರವಾಗಿಲ್ಲ ಅನ್ನುವ ಹಾಗಿತ್ತು. ರಾತ್ರಿ ಲೈಟ್ ಆರಿಸಿದ ಮೇಲೆ ಕತ್ತಲಲ್ಲಿ ನೋಡಲು ಕ್ಯಾಮೆರಾ ಬಿಡುವ ಇನ್‌ಫ್ರಾರೆಡ್ ಬೆಳಕು ಆ ಗೀರುಗಳಿಗೇ ತಾಗಿ ವಾಪಸ್ ಬಂದು, ಪರದೆ ತುಂಬಾ ಹಾಲು ಚೆಲ್ಲಿದ ಹಾಗೆ. ಕೊನೆಗೆ ಡೋಮ್ ಬದಲಾಯಿಸಬೇಕಾಯಿತು.

ಡೋಮ್ ಒರೆಸುವುದಕ್ಕೂ ಕ್ರಮ ಇದೆ. ಮೊದಲು ಧೂಳು ಊದಿ ತೆಗೆಯಿರಿ, ಇಲ್ಲದಿದ್ದರೆ ಆ ಧೂಳೇ ಗೀರುತ್ತದೆ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಮೈಕ್ರೋಫೈಬರ್ ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ, ಮೆಲ್ಲಗೆ ಒರೆಸಿ. ಆಮೇಲೆ ಒಣ ಬಟ್ಟೆ. ಥಿನ್ನರ್ ಮುಟ್ಟಿಸಲೇಬೇಡಿ, ಪ್ಲಾಸ್ಟಿಕ್ ಮಂಜಾಗುತ್ತದೆ. ಅಡುಗೆಮನೆಗೆ ಹದಿನೈದು ದಿನಕ್ಕೊಮ್ಮೆ, ಉಳಿದ ಕಡೆ ಎರಡು ತಿಂಗಳಿಗೊಮ್ಮೆ ಸಾಕು. ಪಾರ್ಕಿಂಗ್ ಕ್ಯಾಮೆರಾಗಳಿಗೆ ಜೇಡರ ಬಲೆಯೇ ಶತ್ರು. ಕ್ಯಾಮೆರಾ ಸುತ್ತ ಹುಳ ಬರುತ್ತದೆ, ಹುಳಕ್ಕೆ ಜೇಡ. ಉದ್ದ ಕೋಲಿನ ಪೊರಕೆ ಸಾಕು, ಇದಕ್ಕೆಲ್ಲ ನನ್ನನ್ನು ಕರೆಸಿ ಸುಮ್ನೆ ದುಡ್ಡು ಕೊಡಬೇಡಿ.

ಜಾಸ್ತಿ ಫೋನ್ ಬರುವುದು ಈ ದೂರಿಗೆ: "ಹಗಲು ಸರಿ ಇರುತ್ತೆ, ರಾತ್ರಿ ಆಫ್ ಆಗುತ್ತೆ." ಕ್ಯಾಮೆರಾ ಕೆಟ್ಟಿದೆ ಅಂತ ಹೊಸದು ತಂದವರೂ ಇದ್ದಾರೆ. ಹೆಚ್ಚಾಗಿ ಅದು ಕ್ಯಾಮೆರಾ ತಪ್ಪಲ್ಲ, ಕರೆಂಟಿನ ಕೊರತೆ. ಕತ್ತಲಾದ ಮೇಲೆ ಇನ್‌ಫ್ರಾರೆಡ್ ಉರಿದು ಜಾಸ್ತಿ ಕರೆಂಟ್ ಎಳೆಯುತ್ತದೆ. ಹಳೆಯ ಎಸ್‌ಎಂಪಿಎಸ್ (ಕ್ಯಾಮೆರಾಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ), ಉದ್ದದ ಕೇಬಲ್ ಅದನ್ನು ತಾಳಿಕೊಳ್ಳುವುದಿಲ್ಲ. ಪರೀಕ್ಷೆಗೆ ರಾತ್ರಿವರೆಗೆ ಕಾಯಬೇಕಿಲ್ಲ. ಕ್ಯಾಮೆರಾ ಮುಖವನ್ನು ಕೈಯಿಂದ ಪೂರ್ತಿ ಮುಚ್ಚಿ, ಕತ್ತಲಾಯಿತು ಅಂದುಕೊಂಡು ಇನ್‌ಫ್ರಾರೆಡ್ ಹೊತ್ತಿಕೊಳ್ಳುತ್ತದೆ. ಆಗ ಕ್ಯಾಮೆರಾ ಹತ್ತಿರದ ಜಾಕ್‌ನಲ್ಲಿ ಮಲ್ಟಿಮೀಟರ್ ಇಡಿ. 12 ವೋಲ್ಟ್ ಇರಬೇಕಾದ ಕಡೆ 11ಕ್ಕಿಂತ ಕೆಳಗೆ ಜಾರಿದರೆ ಎಸ್‌ಎಂಪಿಎಸ್ ಬದಲಾಯಿಸಿ, ಇಲ್ಲವೇ ಕ್ಯಾಮೆರಾ ಪಕ್ಕದಲ್ಲೇ ಬೇರೆ ಅಡಾಪ್ಟರ್ ಕೊಡಿ.

ಡಿವಿಆರ್ ಇಡುವ ಜಾಗ ನೋಡಿದರೆ ನನಗೆ ನಗು ಬರುತ್ತದೆ. ದೇವರ ಪಟದ ಪಕ್ಕ, ಊದುಬತ್ತಿ ಹೊಗೆಯಲ್ಲಿ. ಮುಚ್ಚಳ ಬಿಚ್ಚಿದರೆ ಬೆಚ್ಚಗಿದೆ ಅಂತ ಜಿರಳೆ ಸಂಸಾರ. ಗಾಳಿಯಾಡುವ, ಬೀಗ ಹಾಕುವ ಜಾಗ ಕೊಡಿ, ಯುಪಿಎಸ್ ಕೊಡಿ. ಪಾಸ್‌ವರ್ಡ್ ಅನ್ನು ಕೌಂಟರ್‌ನಲ್ಲಿ ಚೀಟಿ ಅಂಟಿಸಿ ಇಡಬೇಡಿ, ಕೆಲಸ ಬಿಟ್ಟು ಹೋದವರ ಮೊಬೈಲ್‌ನಲ್ಲಿರುವ ಆ್ಯಪ್‌ನ ಲಾಗಿನ್ ಅವತ್ತೇ ತೆಗೆಯಿರಿ. ರೂಮ್, ಬಾತ್‌ರೂಮ್, ಬಟ್ಟೆ ಬದಲಿಸುವ ಜಾಗದಲ್ಲಿ ಕ್ಯಾಮೆರಾ ಹಾಕಿ ಅಂದವರಿಗೆ ನಾನು ಬಾಗಿಲಲ್ಲೇ ಕೈ ಮುಗಿದು ಬರುತ್ತೇನೆ.

ಗಡಿಯಾರ ಮರೆಯಬೇಡಿ. ಡಿವಿಆರ್ ಟೈಮ್ ತಿಂಗಳಿಗೆ ಅಷ್ಟಿಷ್ಟು ಜಾರುತ್ತದೆ. ಇಂಟರ್‌ನೆಟ್ ಇದ್ದರೆ ಟೈಮ್ ತಾನೇ ಸರಿಮಾಡಿಕೊಳ್ಳುವ ಎನ್‌ಟಿಪಿ ಆನ್ ಮಾಡಿ. ಪೊಲೀಸರು ಫುಟೇಜ್ ಕೇಳಿದ ದಿನ ಮಾತ್ರ ಟೈಮ್ ಮುಟ್ಟಬೇಡಿ. ಡಿವಿಆರ್ ಟೈಮ್ ಎಷ್ಟಿದೆ, ಮೊಬೈಲ್ ಟೈಮ್ ಎಷ್ಟಿದೆ, ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿದಿಡಿ. ಟಿವಿ ಪರದೆಯನ್ನು ಮೊಬೈಲ್‌ನಲ್ಲಿ ಶೂಟ್ ಮಾಡಿ ವಾಟ್ಸ್‌ಆ್ಯಪ್ ಮಾಡುವುದು ತನಿಖೆಯ ಆತುರಕ್ಕೆ ಆಗಬಹುದು, ಕೋರ್ಟಿಗೆ ಸಾಲದು. ಮೂಲ ಫೈಲ್ ಅನ್ನೇ ಪೆನ್‌ಡ್ರೈವ್‌ಗೆ ಇಳಿಸಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದ ಮೇಲೆ ಸೆಕ್ಷನ್ 63ರ ಪ್ರಮಾಣಪತ್ರದಲ್ಲಿ ಫೈಲ್‌ನ ಹ್ಯಾಶ್ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಅಂಕಿ-ಅಕ್ಷರಗಳ ಗುರುತು) ಕೂಡ ಬರೆಯಬೇಕು. ಇಳಿಸಿದ ಮೇಲೆ ಪೆನ್‌ಡ್ರೈವ್ ಅನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ಓಡಿಸಿ ನೋಡಿ, ಆಮೇಲೆ ಕೊಟ್ಟು ಸಹಿ ತಗೊಳ್ಳಿ.

ಆ ಲಾಡ್ಜ್‌ನಲ್ಲಿ ಡಿವಿಆರ್ ಈಗ ಮ್ಯಾನೇಜರ್ ಕುರ್ಚಿಯ ಹಿಂದೆಯೇ ಇದೆ, ಬಜರ್ ಆನ್. ಹೋದ ತಿಂಗಳು ಮತ್ತೆ ಫೋನ್ ಮಾಡಿದ್ದರು. "ಕೂಗ್ತಿದೆ ಸಾರ್, ಈ ಸಲ ನಿಲ್ಲಿಸಿ ಅನ್ನಲ್ಲ. ಡಿಸ್ಕ್ ತಗೊಂಡೇ ಬನ್ನಿ."