ನಿಲ್ಲಿಸಿದ ಕಾರಿಗೆ ಗುದ್ದಿ ಹೋದವರನ್ನು ನಾನು ಹುಡುಕಿದ ಬಗೆ

ನಿಲ್ಲಿಸಿದ ಕಾರಿಗೆ ಯಾರಾದರೂ ಗುದ್ದಿ ಹೋದರೆ ಅಕ್ಕಪಕ್ಕದವರೆಲ್ಲ ಹೇಳುವುದು ಒಂದೇ ಮಾತು: "ಬಿಟ್ಟುಬಿಡಿ ಸಾರ್, ಇನ್ಶೂರೆನ್ಸ್ ಇದೆಯಲ್ಲ." ನಾನು ಬಿಡಲಿಲ್ಲ. ತುಮಕೂರಿನಂಥ ಊರಿನಲ್ಲಿ ಬಿಡಬೇಕಾಗಿಯೂ ಇಲ್ಲ. ಹೆದ್ದಾರಿಯಲ್ಲಿ ಗುದ್ದಿದವನು ಅಷ್ಟು ಹೊತ್ತಿಗೆ ಸಿರಾ ದಾಟಿರಬಹುದು. ಬಡಾವಣೆಯ ಅಡ್ಡರಸ್ತೆಯಲ್ಲಿ ಗುದ್ದಿದವನು ಮಾತ್ರ ಬಹುತೇಕ ಆ ರಸ್ತೆಯಲ್ಲೇ ಕೆಲಸವಿದ್ದು ಬಂದವನು. ಹಾಲು, ತರಕಾರಿ, ಸಿಮೆಂಟು, ಸಿಲಿಂಡರು, ಯಾವುದನ್ನೋ ಇಳಿಸಲು ಬಂದಿರುತ್ತಾನೆ, ಮತ್ತೆ ಬರುತ್ತಾನೆ. ಅವನು ಬರುವ ಹೊತ್ತಿಗೆ ನಮ್ಮ ಕೈಯಲ್ಲಿ ಪುರಾವೆ ಇರಬೇಕು.

ನನ್ನದು ಸೋಮೇಶ್ವರಪುರಂನಲ್ಲಿ ಒಂದು ಸಣ್ಣ ಮುದ್ರಣಾಲಯ. ಕಾರನ್ನು ಎದುರಿನ ರಸ್ತೆಯ ಎಡಬದಿಗೆ ಒತ್ತಿ ನಿಲ್ಲಿಸುತ್ತೇನೆ. ಒಂದು ಸಂಜೆ ಪ್ರೆಸ್ಸಿಗೆ ಬೀಗ ಹಾಕಿ ಬಂದಾಗ ಕಾರಿನ ಬಲಗಡೆಯ ಹಿಂಬಾಗಿಲು ಒಳಕ್ಕೆ ಕುಸಿದಿತ್ತು. ಕಾರನ್ನು ಅಲ್ಲಿಂದ ಕದಲಿಸಲಿಲ್ಲ, ಒರೆಸಲೂ ಇಲ್ಲ. ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದೆ. ಅಂಗಡಿಗಳ ಫಲಕ ಕಾಣುವಂತೆ ದೂರದಿಂದ ಒಂದಷ್ಟು, ನಂತರ ಹತ್ತಿರದಿಂದ, ಪಕ್ಕದಲ್ಲಿ ಪ್ರೆಸ್ಸಿನ ಉಕ್ಕಿನ ಸ್ಕೇಲನ್ನು ನೆಟ್ಟಗೆ ಹಿಡಿದು. ನೆಲದಿಂದ ಏಟಿನವರೆಗಿನ ಎತ್ತರ ಬಹಳ ವಿಷಯ ಹೇಳುತ್ತದೆ. ಇನ್ನೊಂದು ಕಾರು ಗುದ್ದಿದ್ದರೆ ಬಂಪರಿನ ಏಟು ಮೊಣಕಾಲಿನ ಆಸುಪಾಸಿನಲ್ಲಿರುತ್ತದೆ. ಬೈಕಿನ ಹ್ಯಾಂಡಲ್ ತಗುಲಿದ್ದರೆ ಸಣ್ಣದಾಗಿ ಉದ್ದಕ್ಕೆ ಗೀರು ಬೀಳುತ್ತದೆ. ನನ್ನ ಬಾಗಿಲಿನ ಮೇಲಿದ್ದದ್ದು ಸೊಂಟದ ಮಟ್ಟದಲ್ಲಿ ಚೂಪಾಗಿ ಒಳಗೆ ಹೋದ ಒಂದು ಗುಳಿ, ಅದರ ಸುತ್ತ ನೀಲಿ ಬಣ್ಣದ ಉಜ್ಜು. ಹಿಂದಕ್ಕೆ ಬಂದ ಯಾವುದೋ ಸರಕು ಗಾಡಿಯ ಮೂಲೆಯ ಕೆಲಸ ಅದು.

ಚಕ್ರದ ಪಕ್ಕ ಕೆಂಪು ಪ್ಲಾಸ್ಟಿಕ್ಕಿನ ಚೂರುಗಳು ಬಿದ್ದಿದ್ದವು. ಜನ ಇವನ್ನು ಕಾಲಿನಲ್ಲಿ ಸರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲವನ್ನೂ ಆರಿಸಿ ಒಂದು ಲಕೋಟೆಗೆ ಹಾಕಿದೆ. ಮುದ್ರಣದ ಚುಕ್ಕಿಗಳನ್ನು ನೋಡಲು ಇಟ್ಟುಕೊಂಡಿರುವ ಮಸೂರದ ಕೆಳಗೆ ಹಿಡಿದಾಗ ದೊಡ್ಡ ಚೂರೊಂದರ ಒಳಮೈಯಲ್ಲಿ ಉಬ್ಬಿದ ಅಕ್ಷರಗಳು ಕಂಡವು: ದೀಪ ತಯಾರಿಸಿದ ಕಂಪನಿಯ ಹೆಸರಿನ ಅರ್ಧ, ಅದರ ಕೆಳಗೆ ಒಂದಷ್ಟು ಅಂಕಿಗಳು. ಬಿ.ಎಚ್. ರಸ್ತೆಯ ಬಿಡಿಭಾಗಗಳ ಅಂಗಡಿಯವರು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಇದು ಲಗೇಜ್ ಗಾಡಿಯ ಹಿಂದಿನ ಲೈಟು ಸಾರ್, ಎಡಗಡೆಯದು" ಎಂದರು. ಅಲ್ಲಿಗೆ ಹುಡುಕಾಟ ಊರಿನ ಎಲ್ಲ ವಾಹನಗಳಿಂದ ಒಂದು ಜಾತಿಯ ಗಾಡಿಗೆ ಇಳಿಯಿತು.

ಮುಂದಿನದು ಸಿಸಿಟಿವಿ. ಇಲ್ಲಿ ತಡ ಮಾಡುವಂತಿಲ್ಲ. ದೃಶ್ಯಗಳನ್ನು ದಾಖಲಿಸಿಡುವ ಪೆಟ್ಟಿಗೆಯಾದ ಡಿವಿಆರ್‌ನ ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯಗಳ ಮೇಲೆ ಹೊಸದು ಬಂದು ಕೂರುತ್ತದೆ. ಆದರೆ ಕೇಳುವ ರೀತಿಯಲ್ಲಿ ಕೇಳದಿದ್ದರೆ ಯಾರೂ ತೋರಿಸುವುದಿಲ್ಲ. ಎದುರಿನ ಮೆಡಿಕಲ್ ಅಂಗಡಿಯವರು ಮೊದಲು ಹಿಂಜರಿದರು. ಅವರ ಭಯ ನನಗೆ ಅರ್ಥವಾಗುತ್ತದೆ: ಠಾಣೆ, ಸಾಕ್ಷಿ, ಕೋರ್ಟು, ಅಂಗಡಿ ಮುಚ್ಚಿ ಅಲೆದಾಟ. "ಅಣ್ಣ, ನಿಮ್ಮನ್ನು ಎಲ್ಲಿಗೂ ಕರೆಯುವುದಿಲ್ಲ ಎಂದು ನಾನು ಮಾತು ಕೊಡಲಾರೆ, ಆದರೆ ಸುಮ್ಮಸುಮ್ಮನೆ ನಿಮ್ಮ ಹೆಸರು ಎತ್ತುವುದಿಲ್ಲ. ಈಗ ಆ ಹೊತ್ತಿನದನ್ನು ನೋಡಿದರೆ ಸಾಕು" ಎಂದೆ. ಯಾವ ಹೊತ್ತು ಎಂಬುದನ್ನು ಮೊದಲೇ ಬಿಗಿ ಮಾಡಿಕೊಂಡು ಹೋಗಿದ್ದೆ. ನಮ್ಮ ಹುಡುಗ ಮಧ್ಯಾಹ್ನ ಕಾರಿನಿಂದ ಕಾಗದದ ಬಂಡಲ್ ಇಳಿಸಿದಾಗ ಬಾಗಿಲು ಸರಿಯಾಗಿಯೇ ಇತ್ತು. ಆದ್ದರಿಂದ ನೋಡಬೇಕಾದದ್ದು ಅಲ್ಲಿಂದ ಸಂಜೆಯವರೆಗೆ ಮಾತ್ರ. ವ್ಯಾಪಾರದ ಹೊತ್ತಿನಲ್ಲಿ ಒಬ್ಬರ ಕುರ್ಚಿಯಲ್ಲಿ ಕುಳಿತು ಇಡೀ ದಿನದ ದೃಶ್ಯ ನೋಡುತ್ತೇನೆಂದರೆ ಯಾರು ಒಪ್ಪುತ್ತಾರೆ?

ಡಿವಿಆರ್‌ನ ಗಡಿಯಾರವನ್ನು ನಂಬಬೇಡಿ. ಆ ಅಂಗಡಿಯದು ಸಾಕಷ್ಟು ಹಿಂದಿತ್ತು. ಪರದೆಯ ಸಮಯವನ್ನೂ ಮೊಬೈಲಿನ ಸಮಯವನ್ನೂ ಒಂದೇ ಚಿತ್ರದಲ್ಲಿ ಬರುವಂತೆ ತೆಗೆದುಕೊಂಡೆ. ಇಲ್ಲದಿದ್ದರೆ ಮುಂದೆ ಎದುರು ಪಕ್ಷದವರು, "ಆ ಹೊತ್ತಿನಲ್ಲಿ ನನ್ನ ಗಾಡಿ ಅಂತರಸನಹಳ್ಳಿ ಮಾರುಕಟ್ಟೆಯಲ್ಲಿತ್ತು" ಎಂದರೆ ನಮ್ಮ ಬಳಿ ಉತ್ತರವಿರುವುದಿಲ್ಲ.

ದೃಶ್ಯ ಸ್ಪಷ್ಟವಾಗಿತ್ತು. ನೀಲಿ ಗಾಡಿ ದಿನಸಿ ಅಂಗಡಿಯ ಮುಂದೆ ತರಕಾರಿ ಕ್ರೇಟುಗಳನ್ನು ಇಳಿಸಿ, ಹಿಂದಕ್ಕೆ ತಿರುಗಿಸುವಾಗ ನನ್ನ ಬಾಗಿಲಿಗೆ ಗುದ್ದಿತು. ಚಾಲಕ ಇಳಿದ. ಬಾಗಿಲನ್ನು ನೋಡಿದ, ಅಂಗೈಯಿಂದ ಒಮ್ಮೆ ಸವರಿದ, ಎರಡೂ ಕಡೆ ನೋಡಿ ಗಾಡಿ ಹತ್ತಿದ. ನನಗೆ ಸಿಟ್ಟು ಬಂದದ್ದು ಗುದ್ದಿದ್ದಕ್ಕಲ್ಲ, ಇಳಿದು ನೋಡಿಯೂ ಹೋದದ್ದಕ್ಕೆ. ಒಂದು ಚೀಟಿಯಲ್ಲಿ ಮೊಬೈಲ್ ಸಂಖ್ಯೆ ಬರೆದು ವೈಪರಿಗೆ ಸಿಕ್ಕಿಸಲು ಎಷ್ಟು ಹೊತ್ತು ಬೇಕು?

ಸಂಖ್ಯೆ ಫಲಕದಲ್ಲಿ ಕೆಎ 64, ಅಂದರೆ ಮಧುಗಿರಿ ನೋಂದಣಿ, ಎಂಬುದು ಚೆನ್ನಾಗಿ ಕಂಡಿತು. ಕೊನೆಯ ಅಂಕಿಗಳಲ್ಲಿ ಒಂದು ಮೂರೋ ಎಂಟೋ ತಿಳಿಯಲಿಲ್ಲ. ವಾಹನ ನೋಂದಣಿಯ ವಿವರ ತೋರಿಸುವ ಸರ್ಕಾರಿ ಎಂಪರಿವಾಹನ್ ಆ್ಯಪ್‌ನಲ್ಲಿ ಎರಡನ್ನೂ ಹಾಕಿ ನೋಡಿದೆ. ಒಂದು ಸ್ಕೂಟರಿನದು, ಇನ್ನೊಂದು ಸರಕು ವಾಹನದ್ದು. ಸಂಖ್ಯೆ ಸಿಕ್ಕಿತೆಂದು ಯಾರದೋ ಮನೆ ಬಾಗಿಲಿಗೆ ಹೋಗುವ ಮೊದಲು ಈ ತಾಳೆ ನೋಡುವುದು ಬಹಳ ಮುಖ್ಯ.

ನಂತರ ಸಂಚಾರ ಪೊಲೀಸ್ ಠಾಣೆಗೆ ಒಂದು ಪುಟದ ಅರ್ಜಿ ಬರೆದೆ. ಸ್ಥಳ, ದಿನಾಂಕ, ಸಮಯ, ಎರಡೂ ವಾಹನಗಳ ಸಂಖ್ಯೆ, ದೃಶ್ಯ ಎಲ್ಲಿದೆ ಎಂಬುದು, ಅಷ್ಟೇ. ಬೈಗುಳ, ಊಹೆ, ವಿಶೇಷಣ ಯಾವುದೂ ಬೇಡ. ಮೋಟಾರು ವಾಹನ ಕಾಯ್ದೆ, 1988ರ 134ನೇ ಸೆಕ್ಷನ್ ಜನರಿಗೆ ಪೆಟ್ಟಾದಾಗ ಮಾತ್ರವಲ್ಲ, ಬೇರೆಯವರ ಆಸ್ತಿಗೆ ಹಾನಿಯಾದಾಗಲೂ ಅನ್ವಯಿಸುತ್ತದೆ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಚಾಲಕನು 24 ಗಂಟೆಯೊಳಗೆ ಹತ್ತಿರದ ಠಾಣೆಗೆ ವಿಷಯ ತಿಳಿಸಬೇಕು. ತಿಳಿಸದಿದ್ದರೆ 187ನೇ ಸೆಕ್ಷನ್ ಪ್ರಕಾರ ಶಿಕ್ಷೆಯಿದೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಆರು ತಿಂಗಳವರೆಗಿನ ಸೆರೆ ಅಥವಾ 5,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಗಾಡಿಯನ್ನು ಯಾರು ಓಡಿಸುತ್ತಿದ್ದರು ಎಂದು ಪೊಲೀಸರು ಕೇಳಿದರೆ ಮಾಲೀಕರು ಹೇಳಲೇಬೇಕು ಎಂಬುದು 133ನೇ ಸೆಕ್ಷನ್. ಇವೆರಡನ್ನು ಅರ್ಜಿಯಲ್ಲಿ ಕಾಣಿಸಿದ್ದೆ. ಮೂಲ ದೃಶ್ಯವನ್ನು ಠಾಣೆಯವರೇ ಸಂಗ್ರಹಿಸಬೇಕೆಂದೂ ಕೇಳಿಕೊಂಡಿದ್ದೆ. ನಾನು ಮೊಬೈಲಿನಲ್ಲಿ ತೆಗೆದುಕೊಂಡದ್ದು ಗಾಡಿ ಹುಡುಕಲು ಸಾಕು, ನ್ಯಾಯಾಲಯಕ್ಕೆ ಸಾಲದು; ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಅಲ್ಲಿಗೆ ಪ್ರಮಾಣಪತ್ರ ಬೇಕು. ಅರ್ಜಿಯ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೇ ಹೊರಬಂದೆ.

ಚಾಲಕನನ್ನು ಭೇಟಿಯಾದದ್ದು ಅದೇ ದಿನಸಿ ಅಂಗಡಿಯ ಮುಂದೆ, ಕ್ರೇಟು ಇಳಿಸುತ್ತಿದ್ದಾಗ. ಗಾಡಿಯ ಎಡಗಡೆಯ ಹಿಂದಿನ ದೀಪಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪು ಅಂಟಿಸಿದ್ದರು. ನಾನು ಯಾರನ್ನೂ ಜೊತೆಗೆ ಕರೆದುಕೊಂಡು ಹೋಗಲಿಲ್ಲ. ಗುದ್ದಿದವರು ನಿಲ್ಲದೆ ಓಡುವುದಕ್ಕೆ ದುಡ್ಡಿನ ಚಿಂತೆಯಷ್ಟೇ ಕಾರಣವಲ್ಲ. ಜನ ಸೇರಿ ಕೈಮಾಡುತ್ತಾರೆ ಎಂಬ ಹೆದರಿಕೆಯೂ ಕಾರಣ. ಗುಂಪು ಕಟ್ಟಿ ನಿಂತರೆ ಆ ಹೆದರಿಕೆಯನ್ನು ನಾವೇ ನಿಜ ಮಾಡಿದಂತೆ. ಲಕೋಟೆಯಿಂದ ಕೆಂಪು ಚೂರನ್ನು ತೆಗೆದು ತೋರಿಸಿದೆ. ಕೊರಟಗೆರೆ ಕಡೆಯ ಹುಡುಗ. "ಅಣ್ಣ, ಯಜಮಾನರಿಗೆ ಹೇಳಬೇಡಿ, ಸಂಬಳದಲ್ಲಿ ಹಿಡಿಯುತ್ತಾರೆ" ಎಂದ.

"ನೋಡಪ್ಪ, ನಿನ್ನ ಜೇಬಿನಿಂದ ನನಗೆ ದುಡ್ಡು ಬೇಡ. ಗಾಡಿಯ ಮಾಲೀಕರ ಹತ್ತಿರವೇ ಮಾತಾಡುತ್ತೇನೆ, ಫೋನು ಮಾಡು" ಎಂದೆ. ಇದರಲ್ಲಿ ನಾನು ಗಟ್ಟಿಯಾಗಿ ನಿಂತೆ. ಚಾಲಕನ ಕೈಯಿಂದ ಐನೂರೋ ಸಾವಿರವೋ ಕಿತ್ತುಕೊಂಡು ಮುಗಿಸುವವರಿದ್ದಾರೆ. ಅದು ಅನ್ಯಾಯ. ಕೆಲಸದ ಮೇಲಿದ್ದ ಚಾಲಕನಿಂದಾದ ನಷ್ಟಕ್ಕೆ ಮಾಲೀಕರೂ ಹೊಣೆ. ಹಾನಿ ಹೆಚ್ಚಾಗಿದ್ದು ಅವರು ಒಪ್ಪದಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುವ ದಾರಿಯಿದೆ, ಆಸ್ತಿ ಹಾನಿಗೂ. ಒಂದು ಬಾಗಿಲಿನ ಗುಳಿಗೆ ಅಷ್ಟು ದೂರ ಹೋಗುವುದು ಇಬ್ಬರಿಗೂ ನಷ್ಟ ಎಂದು ಮಾಲೀಕರಿಗೂ ಹೇಳಿದೆ. ಹಿರಿಯರು, ಮೊದಲು ಸ್ವಲ್ಪ ಏರುದನಿಯಲ್ಲೇ ಮಾತಾಡಿದರು. ದೃಶ್ಯ ನೋಡಿದ ಮೇಲೆ "ಎಷ್ಟಾಗುತ್ತದೆ ಹೇಳಿ ಸ್ವಾಮಿ" ಎಂದರು.

ಮೊತ್ತವನ್ನು ನಾನು ಹೇಳಲಿಲ್ಲ. ಅವರನ್ನೇ ಗ್ಯಾರೇಜಿಗೆ ಕರೆದುಕೊಂಡು ಹೋದೆ. ಬಾಗಿಲು ಬದಲಿಸಬೇಕಿಲ್ಲ, ಟಿಂಕರಿಂಗ್ ಮಾಡಿ ಆ ಒಂದು ಬಾಗಿಲಿಗೆ ಮಾತ್ರ ಬಣ್ಣ ಹೊಡೆದರೆ ಸಾಕು ಎಂದು ಟಿಂಕರ್ ಅವರ ಎದುರಿಗೇ ಅಂದಾಜು ಬರೆದುಕೊಟ್ಟರು. ಹಣವನ್ನು ಅವರು ನೇರವಾಗಿ ಗ್ಯಾರೇಜಿಗೇ ಕೊಟ್ಟರು. ಎರಡು ಪ್ರತಿ ರಾಜಿ ಪತ್ರ ಬರೆದು ಸಹಿ ಮಾಡಿದೆವು, ಅದನ್ನು ಠಾಣೆಗೆ ಕೊಟ್ಟು ನನ್ನ ಅರ್ಜಿಗೆ ಹಿಂಬರಹ ಪಡೆದುಕೊಂಡೆ. ಹುಡುಗನ ಸಂಬಳಕ್ಕೆ ಕೈಹಾಕಬೇಡಿ ಎಂದು ಮಾಲೀಕರನ್ನು ಕೇಳಿಕೊಂಡೆ. ಅವರು ತಲೆಯಾಡಿಸಿದರು.

ಗಾಡಿ ಸಿಗದಿದ್ದರೆ ಉಳಿಯುವುದು ಸ್ವಂತ ವಿಮೆಯೇ, ಅದೂ ಸಮಗ್ರ ಪಾಲಿಸಿ ಇದ್ದರೆ ಮಾತ್ರ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ನಮ್ಮ ಕಾರಿನ ಹಾನಿಗೆ ಏನೂ ಬರುವುದಿಲ್ಲ. ಗುದ್ದಿ ಓಡಿದ ಪ್ರಕರಣಗಳಿಗೆ ಸರ್ಕಾರ ಕೊಡುವ ಪರಿಹಾರ ಸಾವು ಮತ್ತು ತೀವ್ರ ಗಾಯಕ್ಕೆ ಮೀಸಲು, ವಾಹನದ ಹಾನಿಗಲ್ಲ. ಕ್ಲೇಮು ಮಾಡುವ ಮೊದಲು ಲೆಕ್ಕ ಹಾಕಿ. 1500 ಸಿಸಿವರೆಗಿನ ಕಾರಿಗೆ ಸಾಮಾನ್ಯವಾಗಿ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ನಾವೇ ಭರಿಸಬೇಕು. ಸವಕಳಿ ಕಳೆಯದೆ ಪೂರ್ತಿ ಕೊಡುವ ಜೀರೋ ಡೆಪ್ರಿಸಿಯೇಷನ್ ಸೌಲಭ್ಯ ಪಾಲಿಸಿಯಲ್ಲಿ ಇಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗದ ಬೆಲೆಯಲ್ಲಿ ಅರ್ಧ ಕಳೆಯುತ್ತಾರೆ. ಇದರ ಮೇಲೆ, ವರ್ಷದಿಂದ ವರ್ಷಕ್ಕೆ ಶೇ 20ರಿಂದ ಶೇ 50ರವರೆಗೆ ಏರುವ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಒಂದೇ ಏಟಿಗೆ ಹೋಗುತ್ತದೆ. ಸಣ್ಣ ಗುಳಿಯಾದರೆ ಕೈಯಿಂದ ಹಾಕಿಕೊಂಡು ರಿಪೇರಿ ಮಾಡಿಸುವುದೇ ಅಗ್ಗ. ಬಾಗಿಲು, ಫೆಂಡರ್ ಎರಡೂ ಹೋಗಿದ್ದರೆ ಠಾಣೆಯ ಮೊಹರು ಬಿದ್ದ ಅರ್ಜಿಯ ಪ್ರತಿಯೊಂದಿಗೆ ತಡಮಾಡದೆ ವಿಮಾ ಕಂಪನಿಗೆ ತಿಳಿಸಿ, ಸರ್ವೇಯರ್ ಬಂದು ನೋಡುವವರೆಗೆ ರಿಪೇರಿಗೆ ಕೈಹಾಕಬೇಡಿ.