ಹುಲಿ ಎಲ್ಲರಿಗೂ ಬೇಕು, ಕುರಿ ಯಾರಿಗೂ ಬ್ಯಾಡ: ಆನ್‌ಲೈನ್ ಗೇಮಿನಾಗ ಆಟಗಾರರಿಗಿ ಜೋಡಿ ಹುಡುಕಿಕೊಟ್ಟ ನನ್ನ ಅನುಭವ

ಕಲಬುರಗಿ ಸೂಪರ್ ಮಾರ್ಕೆಟ್ ಹತ್ರ ಒಂದ್ ಚಾದಂಗಡಿ ಅದ. ಅಲ್ಲಿ ಒಬ್ಬ ಕಾಲೇಜ್ ಹುಡುಗ ನನ್ನ ಗೇಮ್ ಆಡ್ಲತ್ತಿದ್ದ, ಆಡ್ಲತ್ತಿದ್ದ ಅನ್ನದು ಸುಳ್ಳು, ಕಾಯ್ಲತ್ತಿದ್ದ. ಸ್ಕ್ರೀನ್ ಮ್ಯಾಲ ಎದುರಾಳಿ ಹುಡುಕ್ತಿದ್ದೀವಿ ಅಂತ ಬಂದದ, ಕೆಳಗ ಚಕ್ರ ತಿರಗ್ಲತ್ತದ. ಚಾ ಬಂತು, ಕುಡದ, ಗ್ಲಾಸ್ ಇಟ್ಟ, ಇನ್ನೂ ಚಕ್ರ ತಿರಗ್ಲತ್ತದ. ಆಮ್ಯಾಲ ಆ್ಯಪ್ ಮುಚ್ಚಿ ರೀಲ್ಸ್ ನೋಡ್ಲಿಕ್ಕೆ ಸುರು ಮಾಡ್ದ. ನಾ ಬಾಜೂಕೇ ಕುಂತಿದ್ದೆ, ಈ ಗೇಮ್ ಮಾಡಿದಂವ ನಾನೇ ಅಂತ ಹೇಳೋ ಧೈರ್ಯ ಆಗ್ಲಿಲ್ಲ.

ಗೇಮ್ ಅಂದ್ರ ಭಾಳ ದೊಡ್ಡದೇನಲ್ಲ, ನಮ್ಮ ಹುಲಿ-ಕುರಿ ಆಟ. ಗುಡಿ ಕಟ್ಟಿ ಮ್ಯಾಲ ಗೀಚಿರ್ತಾರಲ್ಲ ಅದೇ, 23 ಮನಿ, 3 ಹುಲಿ, 15 ಕುರಿ. ಕುರಿ ಒಂದೊಂದಾಗಿ ಇಡ್ಬೇಕು, ಪೂರಾ ಇಡೋತನಕ ಸರಿಸೋ ಹಂಗಿಲ್ಲ, ಹುಲಿ ಜಿಗದು ಕುರಿ ತಿಂತದ, ಕುರಿ ಎಲ್ಲಾ ಸೇರಿ ಹುಲಿಗಿ ಅಲಗಾಡಂಗಿಲ್ಲದಂಗ ಮಾಡಿದ್ರ ಕುರಿ ಗೆದ್ದಂಗ. ನಾ ಮತ್ ಇಬ್ರು ಗೆಳ್ಯಾರು, ಹಗಲಿಗೆ ಒಬ್ರೊಬ್ರು ಒಂದೊಂದ್ ನೌಕರಿ, ರಾತ್ರಿ ಕುಂತು ಇದ್ನ ಆನ್‌ಲೈನ್ ಮಾಡಿದ್ವಿ. ಕಲಬುರಗಿ, ಬೀದರ್, ಯಾದಗಿರಿ ಕಡಿ ಮಂದಿನೇ ಹೆಚ್ಚು, ಅದೂ ಭಾಳಂದ್ರ ರಾತ್ರಿ ಒಂದ್ ನಲವತ್ತು ಮಂದಿ ಒಮ್ಮೆಲೆ ಇರ್ತಿದ್ರು.

ಚಾದಂಗಡಿಯಿಂದ ಮನಿಗಿ ಬಂದು ಲಾಗ್, ಅಂದ್ರ ಸರ್ವರ್ ಬರದಿಡೋ ದಾಖಲಿ, ತೆಗದ್ ನೋಡ್ದೆ. ಸರಾಸರಿ ಕಾಯೋ ಟೈಮ್ 20 ಸೆಕೆಂಡ್ ಅಂತ ತೋರಿಸ್ಲತ್ತಿತ್ತು. ಮತ್ ಆ ಹುಡುಗ ಯಾಕ ಅಷ್ಟೊತ್ತು ಕುಂತ? ಅರ್ಧ ರಾತ್ರಿ ತಲಿ ಕೆಡಿಸ್ಕೊಂಡ ಮ್ಯಾಲ ತಿಳೀತು, ನಾ ಬರೆ ಜೋಡಿ ಸಿಕ್ಕವರ ಟೈಮ್ ಅಷ್ಟೇ ಲೆಕ್ಕ ಹಾಕ್ಲತ್ತಿದ್ದೆ, ಬ್ಯಾಸತ್ತು ಆ್ಯಪ್ ಮುಚ್ಚಿದವರು ಲೆಕ್ಕದಾಗೇ ಇಲ್ಲ. ಬಸ್ ಸ್ಟಾಂಡಿನಾಗ ಬಸ್ ಹತ್ತಿದವರಿಗಷ್ಟೇ ಕೇಳಿ ಬಸ್ ಟೈಮಿಗಿ ಬರ್ತಾವ ಅಂದಂಗ. ಬಿಟ್ಟು ಹೋದವರ ಟೈಮನ್ನೂ ಸೇರಿಸ್ದೆ, ಸರಾಸರಿ ಬಿಟ್ಟು ನೂರರಾಗ ತೊಂಬತ್ತೈದು ಮಂದಿ ಕಾಯ್ದದ್ದು ಎಷ್ಟ್ ಸೆಕೆಂಡಿನೊಳಗ ಮುಗೀತು ಅನ್ನದು ನೋಡ್ಲಿಕ್ಕೆ ಹತ್ದೆ, ಆವಾಗ ಖರೇ ಮುಖ ಕಾಣ್ತು.

ಮೊದಲನೇ ವರ್ಷನ್ ಭಾಳ ಸೀದಾ ಇತ್ತು, ಯಾರ್ ಮೊದಲು ಬಂದ್ರೋ ಅವರಿಗಿ ಹಿಂದ್ ಬಂದವರು ಜೋಡಿ. ಕಾಯೋದು ಕಡಿಮಿ, ಖರೆ. ಆದ್ರ ಚಿತ್ತಾಪುರ ಕಡಿಯವ ಒಬ್ಬ ಇದ್ದ, ಸಣ್ಣಂದಿನಿಂದ ಅಜ್ಜನ ಜೋಡಿ ಆಡಿದಂವ ಅಂತ, ಅಂವಾ ನಿನ್ನೆ ಇನ್‌ಸ್ಟಾಲ್ ಮಾಡಿದ ಹುಡುಗರಿಗಿ ಸಾಲಾಗಿ ನಿಂದ್ರಿಸಿ ಹೊಡಿತಿದ್ದ. ಸೋತವ್ರು ಎರಡನೇ ಆಟಕ್ಕ ಬರ್ತಿರ್ಲಿಲ್ಲ. ಹಂಗಾಗಿ ರೇಟಿಂಗ್, ಅಂದ್ರ ಯಾರ್ ಎಷ್ಟ್ ಚಲೋ ಆಡ್ತಾರ ಅನ್ನೋ ನಂಬರ್, ಬೇಕೇ ಬೇಕು ಅಂತ ಎಲೋ ಅನ್ನೋ ಲೆಕ್ಕ ತಂದೆ.

ಎಲೋ ಅಂದ್ರ ಆರ್ಪಾಡ್ ಎಲೋ ಅಂತ ಅಮೆರಿಕದಾಗ ಫಿಸಿಕ್ಸ್ ಪ್ರೊಫೆಸರ್ ಇದ್ರು, ಹುಟ್ಟಿದ್ದು ಹಂಗೇರಿಯಾಗ, ಚೆಸ್ ಆಡವ್ರಿಗಿ ಈ ಲೆಕ್ಕ ಹಾಕಿಕೊಟ್ಟಾರ, ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ 1970ರಾಗ ಇದನ್ನ ತಗೊಂತು. ಲೆಕ್ಕ ಸರಳ ಅದ. ನಿಂದು 1500, ಎದುರಿನವಂದು 1700 ಇದ್ರ ನೀ ಗೆಲ್ಲೋ ಸಾಧ್ಯತಾ ನೂರಕ್ಕ 24 ಅಂತ ಅದು ಹೇಳ್ತದ. ಒಂದ್ ಆಟಕ್ಕ ಹೆಚ್ಚಂದ್ರ 32 ಪಾಯಿಂಟ್ ಅಂತ ಇಟ್ಕೊಂಡ್ರ, ನೀ ಸೋತ್ರ ಸುಮಾರು 8 ಹೋಗ್ತಾವ, ಗೆದ್ರ 24 ಬರ್ತಾವ. ಗೆಲ್ಬೇಕಾದಂವ ಗೆದ್ರ ದೊಡ್ಡ ಸುದ್ದಿ ಅಲ್ಲ, ಸೋಲ್ಬೇಕಾದಂವ ಗೆದ್ರ ಸುದ್ದಿ, ಅಷ್ಟೇ.

ಇಲ್ಲೇ ನಾ ದೊಡ್ಡ ತಪ್ಪ್ ಮಾಡಿದ್ದು. ರೇಟಿಂಗ್ ಬಂತಲ್ಲ ಅಂತ ಜೋಶ್ನಾಗ 50 ಪಾಯಿಂಟಿನೊಳಗ ಇದ್ದವರಿಗಷ್ಟೇ ಜೋಡಿ ಅಂತ ಮಾಡ್ದೆ. ಅದ್ರ ಮ್ಯಾಲ ರ‍್ಯಾಂಕ್ ಆಟಕ್ಕ ಒಂದ್ ಸಾಲು, ಸುಮ್ಕ ಆಟಕ್ಕ ಒಂದ್ ಸಾಲು, ಜಲ್ದಿ ಆಟಕ್ಕ ಇನ್ನೊಂದು, ಮತ್ ನಿಮಗ ಹುಲಿ ಬೇಕೋ ಕುರಿ ಬೇಕೋ ಅಂತ ಬಟನ್. ದೊಡ್ಡ ದೊಡ್ಡ ಗೇಮಿನಾಗ ಹಿಂಗೇ ಇರ್ತದ, ನಮ್ದೂ ಹಂಗೇ ಕಾಣ್ಲಿ ಅಂತ. ಅವರ ಹತ್ರ ಲಕ್ಷಗಟ್ಟಲೆ ಮಂದಿ ಅವ, ನಮ್ಮ ಹತ್ರ ನಲವತ್ತು. ಮಧ್ಯಾಹ್ನ ಎರಡು ಗಂಟೆಕ್ಕ ಏಳು ಮಂದಿ ಏಳು ಬ್ಯಾರೆ ಬ್ಯಾರೆ ಮೂಲ್ಯಾಗ ಕುಂತು ಯಾರೂ ಇಲ್ಲ ಯಾರೂ ಇಲ್ಲ ಅನ್ಲತ್ತಿದ್ರು, ಎಲ್ಲರೂ ಒಂದೇ ಕಟ್ಟಿ ಮ್ಯಾಲ ಬಂದಿದ್ರ ಮೂರು ಆಟ ಆಗ್ತಿದ್ವು.

ಇನ್ನ ಹುಲಿ ಬಟನ್ ಕಥಿ ಕೇಳ್ಬ್ಯಾಡ್ರಿ. ಒಂದ್ ರಾತ್ರಿ ಹನ್ನೊಂದು ಮಂದಿ ಕಾಯ್ಲತ್ತಿದ್ರು, ಹನ್ನೊಂದೂ ಹುಲಿ! ಒಂದೂ ಕುರಿ ಇಲ್ಲ. ಹುಲಿ ಆಗದು ಎಲ್ಲರಿಗೂ ಬೇಕು, ಕುರಿ ಆಗೋಕ ಯಾರಿಗೂ ಮನಸಿಲ್ಲ, ನಮ್ಮ ಊರ ರಾಜಕಾರಣದಂಗೇ ಆಯ್ತು.

ಬಟನ್ ಕಿತ್ತಾಕ್ದೆ. ಆದ್ರ ಸುಮ್ಕ ಯಾರಿಗರ ಕುರಿ ಕೊಟ್ರ ಬೈತಾರ, ಅದಕ್ಕ ಬ್ಯಾರೆ ದಾರಿ ಹುಡುಕ್ದೆ, ಇದು ನನಗ ಇಡೀ ಕೆಲಸದಾಗ ಭಾಳ ಇಷ್ಟ ಆದ ಭಾಗ. ಒಬ್ಬೊಬ್ಬರಿಗಿ ಎರಡು ರೇಟಿಂಗ್ ಕೊಟ್ಟೆ, ಹುಲಿದು ಒಂದು, ಕುರಿದು ಒಂದು. ನಿನ್ನ ಹುಲಿ ರೇಟಿಂಗು ಎದುರಿನವನ ಕುರಿ ರೇಟಿಂಗಿನ ಜೋಡಿ ತೂಗ್ತದ. ಉದಾಹರಣೆಗಿ ನಿಂದು ಹುಲಿ 1600 ಕುರಿ 1350, ಅವಂದು ಹುಲಿ 1400 ಕುರಿ 1450. ನೀ ಹುಲಿ ಆದ್ರ 1600ಕ್ಕ 1450, ಅಂತರ 150. ನೀ ಕುರಿ ಆದ್ರ 1350ಕ್ಕ 1400, ಅಂತರ 50. ಸರ್ವರ್ ಎರಡೂ ತೂಗಿ ನೋಡಿ ಅಂತರ ಕಡಿಮಿ ಇದ್ದದ್ದು ಆರಿಸ್ತದ, ಅಂದ್ರ ನೀ ಕುರಿ. ಒಂದೇ ಮಂದಿ, ಆದ್ರ ಜೋಡಿ ಕೂಡಿಸ್ಲಿಕ್ಕೆ ದಾರಿ ಎರಡಾದ್ವು. ಮ್ಯಾಲ ಒಂದ್ ಕಟ್ಟಳಿ, ಸಾಲಾಗಿ ಮೂರು ಸಲ ಒಂದೇ ಪಾತ್ರ ಕೊಡೋ ಹಂಗಿಲ್ಲ. ಹುಲಿ ಹೊಸಬರಿಗಿ ಸಸಾರ ಅನ್ನದು ಮೊದಲೇ ಗೊತ್ತಿತ್ತು, ಕುರಿ ಆಡ್ಲಿಕ್ಕೆ ತಾಳ್ಮಿ ಬೇಕು, ಆ ಪಕ್ಷಪಾತನೂ ಎರಡು ರೇಟಿಂಗ್ ಇಟ್ಟಮ್ಯಾಲ ತಾನಾಗೇ ಲೆಕ್ಕದಾಗ ಕರಗಿ ಹೋಯ್ತು.

50 ಪಾಯಿಂಟಿನ ಗ್ವಾಡಿನೂ ಒಡದೆ. ಈಗ ಅಲ್ಲಿ ಒಂದ್ ಬಾಗಲ, ಸುರುವಿಗಿ 50 ಪಾಯಿಂಟ್, ಐದೈದು ಸೆಕೆಂಡಿಗಿ ಇನ್ನಿಷ್ಟು ಅಗಲ ಆಗ್ತದ, 40 ಸೆಕೆಂಡ್ ಆದ್ರ ಯಾರಿದ್ರೂ ನಡೀತದ. ಇದ್ರಾಗೂ ಒಂದ್ ಸಲ ಎಡವಿದೆ. ಕಾಯ್ದು ಕಾಯ್ದು ಅಗಲ ಆದವನ ಬಾಗಲದಾಗ ಈಗಷ್ಟೇ ಬಂದ ಹೊಸ ಹುಡುಗ ಬಿದ್ರ, ಅಂವಾ ಒಂದ್ ಸೆಕೆಂಡೂ ಕಾಯ್ದಿಲ್ಲ, ಸೀದಾ ಚಿತ್ತಾಪುರದವನ ಬಾಯಿಗಿ. ತಪ್ಪು ಕಾಯ್ದವಂದಲ್ಲ, ನಂದು, ನಾ ಒಬ್ಬನ ಬಾಗಲ ಅಷ್ಟೇ ನೋಡ್ಲತ್ತಿದ್ದೆ. ಈಗ ಇಬ್ಬರೂ ಒಪ್ಪೋವಷ್ಟು ಅಗಲ ಆಗಿರ್ಬೇಕು, ಮೊದಲ ಹತ್ತು ಆಟದವರಿಗಿ ಬಾಗಲ ನಿಧಾನಕ್ಕ ತೆರೀತದ.

ಇನ್ನೊಂದು, ಬಂದ ತಕ್ಷಣ ಜೋಡಿ ಕಟ್ಟೋದು ಬಿಟ್ಟೆ. 1300ದಂವ ಕಾಯ್ಲತ್ತಾನ, 1390ದಂವ ಬಂದ, ಬಾಗಲ ಅಷ್ಟು ತೆರದಿದ್ರ ಸರಿ ಅಂತ ಕಟ್ಟಿಬಿಟ್ರ ಮರು ಸೆಕೆಂಡಿಗಿ 1310 ಮತ್ 1400 ಬರ್ತಾರ, ಅವ್ರಿಗೂ 90 ಅಂತರ. ಎರಡು ಸೆಕೆಂಡ್ ತಡಕೊಂಡು ನಾಕೂ ಮಂದಿನ ಒಟ್ಟಿಗೆ ನೋಡಿದ್ರ 1300ಕ್ಕ 1310, 1390ಕ್ಕ 1400, ಅಂತರ ಬರೆ ಹತ್ತು. ಎರಡು ಸೆಕೆಂಡ್ ಯಾರಿಗೂ ತಿಳಿಯಂಗಿಲ್ಲ. ಸಾಲು ಇಡ್ಲಿಕ್ಕೆ ರೆಡಿಸ್ ಅನ್ನೋ ಡೇಟಾಬೇಸಿನ ಸಾರ್ಟೆಡ್ ಸೆಟ್ ಸಾಕಾಯ್ತು, ರೇಟಿಂಗ್ ಪ್ರಕಾರ ತಾನೇ ಜೋಡಸ್ಕೊಂಡ್ ಇರ್ತದ.

ಎಲೋ ಕೂಡ ಆಮ್ಯಾಲ ಬಿಟ್ಟು ಗ್ಲಿಕೋ ಅನ್ನೋ ರೇಟಿಂಗ್ ಲೆಕ್ಕಕ್ಕ ಹೋದೆ, 1995ರಾಗ ಮಾರ್ಕ್ ಗ್ಲಿಕ್‌ಮನ್ ಮಾಡಿದ್ದು. ಅದ್ರಾಗ ರೇಟಿಂಗ್ ಜೋಡಿ ಆ ರೇಟಿಂಗ್ ಮ್ಯಾಲ ಎಷ್ಟು ಭರವಸಾ ಇಡ್ಬಹುದು ಅನ್ನದೂ ಒಂದ್ ನಂಬರ್ ಇರ್ತದ. ಹೊಸಬನದು 1500, ಅನುಮಾನ 350. ಆಡಿದಂಗೆಲ್ಲ ಅನುಮಾನ ಇಳೀತದ, ಭಾಳ ದಿನ ಆಡದಿದ್ರ ಮತ್ ಏರ್ತದ. ನಮ್ಮ ಹುಡುಗರು ಪರೀಕ್ಷಾ ಬಂದ್ರ ಎರಡು ತಿಂಗಳು ಮಾಯ ಆಗ್ತಾರ, ತಿರುಗಿ ಬಂದ್ರ ಕೈ ಮರತಿರ್ತದ, ಅದಕ್ಕ ಇದು ಸರಿ ಹೊಂದ್ತು. ಟೀಮ್ ಆಟ ಇದ್ದಿದ್ರ ಮೈಕ್ರೋಸಾಫ್ಟ್‌ನವ್ರ ಟ್ರೂಸ್ಕಿಲ್ ಅನ್ನೋ ಲೆಕ್ಕ ನೋಡ್ಬೇಕಿತ್ತು, ನಮ್ದು ಒಬ್ಬರಿಗೊಬ್ರು, ಬೇಕಾಗ್ಲಿಲ್ಲ.

ಸರ್ವರ್ ವಿಷಯ ಒಂದ್ ಮಾತಿನಾಗ ಮುಗಸ್ತೀನಿ. ಸರ್ವರ್ ಯಾವ ಊರಾಗ ಇಡ್ಬೇಕು ಅಂತ ಕೇಳಿದಾಗ ಸುರುವಿಗಿ ನೋಡ್ದೇ ಸಿಂಗಾಪುರ ಒತ್ತಿದ್ದೆ, ಆಮ್ಯಾಲ ಮುಂಬೈಗಿ ತಂದೆ. ಫೈಬರಿನಾಗ ಬೆಳಕು ಸೆಕೆಂಡಿಗಿ ಸುಮಾರು 2 ಲಕ್ಷ ಕಿಲೋಮೀಟರ್ ಓಡ್ತದ, ಅಂದ್ರ ಸಾವಿರ ಕಿಲೋಮೀಟರ್ ಹೋಗಿ ಬರ್ಲಿಕ್ಕೆ ಕಡಿಮಿ ಅಂದ್ರೂ 10 ಮಿಲಿಸೆಕೆಂಡ್. ಗುಂಡ್ ಹೊಡಿಯೋ ಗೇಮಿನಾಗ ಇದು ಜೀವನ್ಮರಣ, ಹುಲಿ-ಕುರಿಯಾಗ ಒಬ್ಬಂವ ಒಂದ್ ನಡಿ ನಡಿಲಿಕ್ಕೆ ಅರ್ಧ ನಿಮಿಷ ಗಡ್ಡ ಕೆರೀತಾನ. ಸರ್ವರ್ ಸರಿಸ್ಲಿಕ್ಕೆ ಕಳದ ಆ ವಾರ ದಂಡ ಆಯ್ತು.

ಖರೇ ತ್ರಾಸ್ ಕೊಟ್ಟಿದ್ದು ಕರೆಂಟು. ಮೇ ತಿಂಗಳ ಬಿಸಲು ನಿಮಗ ಗೊತ್ತದ, ಫ್ಯಾನ್ ನಿಂತ್ರ ಮನಷಾ ಬೇಯ್ತಾನ, ಕರೆಂಟ್ ಹೋದ್ರ ಮನಿ ವೈಫೈನೂ ಹೋಯ್ತು. ನನ್ನ ಕೋಡಿನಾಗ ಕನೆಕ್ಷನ್ ಕಡೀತು ಅಂದ್ರ ಸೋತಂಗ. ಯಾದಗಿರಿ ಕಡಿಯ ಒಬ್ಬ ಚಲೋ ಆಟಗಾರ, ಒಂದ್ ತಿಂಗಳದಾಗ ಅವನ ರೇಟಿಂಗ್ ಸರಕ್ಕಂತ ಇಳದು ಹೊಸಬರ ಸಾಲಿಗಿ ಬಂತು, ಅಂವಾ ಅಲ್ಲಿ ಎಲ್ಲರಿಗಿ ಹೊಡ್ಲಿಕ್ಕೆ ಸುರು ಮಾಡ್ದ. ಬೇಕಂತೇ ಸೋತು ಕೆಳಗ ಇಳಿಯೋರು ಇರ್ತಾರ, ಇಂವನೂ ಹಂಗೇ ಅನ್ಕೊಂಡು ಬೈದು ಮೆಸೇಜ್ ಹಾಕ್ದೆ. ಅಂವಾ ತನ್ನ ಸೋಲಿನ ಟೈಮ್ ಎಲ್ಲಾ ಬರದು ಕಳಿಸ್ದ, ಎಲ್ಲಾ ಮಧ್ಯಾಹ್ನ ಎರಡರಿಂದ ನಾಕರೊಳಗ. ಅವನ ಓಣ್ಯಾಗ ಕರೆಂಟ್ ಹೋಗೋ ಟೈಮ್. ನನ್ನ ರೇಟಿಂಗ್ ಅಳತಿ ಮಾಡ್ಲತ್ತಿದ್ದು ಅವನ ಆಟ ಅಲ್ಲ, ಅವನ ಓಣಿ ಕರೆಂಟು. ಮಾಫ್ ಕೇಳ್ದೆ.

ಹಂಗಾಗಿ ಆಟ ಪೂರಾ ಸರ್ವರಿನಾಗ ಉಳಿಯೋ ಹಂಗ ಮಾಡಿ, ಕನೆಕ್ಷನ್ ಹೋದ್ರ 90 ಸೆಕೆಂಡ್ ದಾರಿ ನೋಡ್ತೀವಿ ಅಂತ ಇಟ್ಟೆ, ಬರ್ಲಿಲ್ಲ ಅಂದ್ರ ಆಟ ರದ್ದು, ಇಬ್ಬರ ರೇಟಿಂಗೂ ಇದ್ದಂಗೇ. ಒಂದ್ ವಾರ ಚಲೋ ನಡೀತು. ಆಮ್ಯಾಲ ಕೆಲವರಿಗಿ ಸರಿಯಾಗಿ ಮೂರನೇ ಹುಲಿ ಕಟ್ಟಿ ಬೀಳೋ ಹೊತ್ತಿಗೇ ಕರೆಂಟ್ ಹೋಗ್ಲಿಕ್ಕೆ ಹತ್ತಿತು! ಏನ್ ಯೋಗಾಯೋಗ ಅಂತೀರಿ. ಈಗ ರದ್ದು ಮಾಡಂಗಿಲ್ಲ, ಆಟ ಮರುದಿನದ ತನಕ ನಿಲ್ತದ, ಬಂದು ಮುಗಸ್ಬೇಕು. ಮತ್ ಸೋಲೋ ಹೊತ್ತಿನಾಗೇ ಕಡ್ಕೊಳ್ಳೋರಿಗಿ ಮೊದಲು ಅವರಂಥವರ ಜೋಡಿನೇ ಆಟ ಹಚ್ತೀನಿ. ಅವರು ಒಬ್ರಿಗೊಬ್ರು ಪ್ಲಗ್ ಕಿತ್ಕೊಂತ ಕೂಡ್ಲಿ.

ಬಾಟ್ ವಿಷಯದಾಗ ನನಗ ಇನ್ನೂ ನಾಚ್ಕಿ ಅದ. ಯಾರೂ ಸಿಗದಿದ್ರ ಕಂಪ್ಯೂಟರನ್ನೇ ಮನಷಾನ ಹೆಸರಿಟ್ಟು ಕೂಡ್ಸಿದ್ದೆ. ಬೀದರಿನ ಹುಡುಗಿ ಒಬ್ಬಾಕಿ ಮೂರೇ ದಿನಕ್ಕ ಹಿಡದಳು: ಅಣ್ಣಾ, ಈ ಮನಷಾ ಯೋಚ್ನಿ ಮಾಡಂಗೇ ಇಲ್ಲ, ಪ್ರತಿ ಸಲ ಮೂರೇ ಸೆಕೆಂಡು. ಅದ್ನ ತೆಗದು ಈಗ ಬಾಯಿಬಿಟ್ಟು ಕೇಳ್ತೀವಿ, ಸದ್ಯ ಯಾರೂ ಇಲ್ರಿ, ಕಂಪ್ಯೂಟರ್ ಜೋಡಿ ಆಡ್ತೀರೇನು, ಮನಷಾರು ಬಂದ್ರ ಕರೀತೀವಿ. ಭಾಳ ಮಂದಿ ಹೂಂ ಅಂತಾರ.

ಆದ್ರ ಇಷ್ಟೆಲ್ಲಾ ಕೋಡಿಗಿಂತ ಹೆಚ್ಚು ಕೆಲಸ ಮಾಡಿದ್ದು ಒಂದ್ ಸಾಲಿನ ನೋಟಿಫಿಕೇಶನ್: ರಾತ್ರಿ 9ಕ್ಕ ಎಲ್ಲರೂ ಬರ್ರಿ. ಇಡೀ ದಿನ ಚದುರಿ ಬರೋ ಮಂದಿ ರೊಟ್ಟಿ ಉಂಡು ಒಂದೇ ತಾಸಿನಾಗ ಬರ್ಲಿಕ್ಕೆ ಹತ್ತಿದ್ರು, ಆ ತಾಸಿನಾಗ ಬಾಗಲ ಅಗಲ ಮಾಡೋ ಪ್ರಸಂಗೇ ಬರಂಗಿಲ್ಲ. ಇದು ಗೆಳ್ಯಾನ ಐಡಿಯಾ, ನಂದಲ್ಲ, ನಾ ಮೊದಲು ನಕ್ಕಿದ್ದೆ.

ಇನ್ನೂ ಬಿಡಿಸ್ಲಿಕ್ಕೆ ಆಗದೇ ಇದ್ದದ್ದು ಆಳಂದ ಕಡಿ ಒಬ್ಬಾಕಿ ಅಜ್ಜಿದು. ಮೊಮ್ಮಗ ಫೋನ್ ಹಚ್ಚಿ ಕೊಡ್ತಾನ. ಅಜ್ಜಿ ಹುಲಿ ರೇಟಿಂಗ್ 1300 ಚಿಲ್ಲರ, ಕುರಿ ರೇಟಿಂಗ್ 1900 ದಾಟ್ಯದ, ಅಲ್ಲಿ ಸುತ್ತಮುತ್ತ ಯಾರೂ ಇಲ್ಲ. ತುದಿಯಾಗ ಕುಂತವರಿಗಿ ಹಿಂಗೇ, ನಡುವಿನವರಿಗಿ ಹತ್ತು ಸೆಕೆಂಡಿನಾಗ ಸಿಗೋ ಜೋಡಿ ಅವರಿಗಿ ನಾಲ್ವತ್ತು ಸೆಕೆಂಡಿಗೂ ಸಿಗಂಗಿಲ್ಲ, ಸಿಕ್ಕರೂ ಸರಿಸಮ ಇರಂಗಿಲ್ಲ. ಹುಲಿ ಕೊಟ್ರ ಜೋಡಿ ಜಲ್ದಿ ಸಿಗ್ತದ, ಅಜ್ಜಿ ಒಲ್ಲೆ ಅಂತಾಳ. ಮೊನ್ನಿ ಮೊಮ್ಮಗ ಮೆಸೇಜ್ ಹಾಕಿದ್ದ, ಅಜ್ಜಿ ಕೇಳ್ಲತ್ತಾಳ್ರಿ, ಇವತ್ತರ ಯಾರರ ಇದ್ದಾರೇನು ಅಂತ. ಲಾಗ್ ನೋಡ್ದೆ, ಯಾರೂ ಇರ್ಲಿಲ್ಲ. ನಾನೇ ಹುಲಿ ತಗೊಂಡು ಕುಂತೆ. ಮೂರು ಕುರಿ ತಿಂದೆ, ಆಮ್ಯಾಲ ಒಂದೂ ಸಿಗ್ಲಿಲ್ಲ, ಹದಿನೈದು ನಿಮಿಷದಾಗ ಅಜ್ಜಿ ಮೂರೂ ಹುಲಿ ಕಟ್ಟಿ ಹಾಕಿ, ನಾಳಿ ಇದೇ ಟೈಮಿಗಿ ಬಾ ಅನ್ನು ಅವನಿಗಿ ಅಂತ ಮೊಮ್ಮಗನ ಕೈಲಿ ಹೇಳಿ ಕಳಿಸಿದಳು.