ಮೈಸೂರಿನಲ್ಲಿ ಬುಟೀಕ್ ಹೋಟೆಲ್ ಬುಕ್ ಮಾಡುವ ಮುಂಚೆ ಒಂದು ಫೋನ್ ಮಾಡಿ

ಹೋದ ತಿಂಗಳು ಅಮ್ಮನ ಜೊತೆ ಮೈಸೂರಿನಲ್ಲಿ ಎರಡು ರಾತ್ರಿ ಉಳಿದಿದ್ದೆ. ಹಳೇ ತೊಟ್ಟಿ ಮನೆಯನ್ನೇ ಬುಟೀಕ್ ಹೋಟೆಲ್, ಅಂದರೆ ಕೆಲವೇ ರೂಮಿನ, ತನ್ನದೇ ಶೈಲಿಯ ಸಣ್ಣ ಹೋಟೆಲ್ ಮಾಡಿದ್ದಾರೆ. ಎಂಟೇ ರೂಮು. ರೆಡ್ ಆಕ್ಸೈಡ್ ನೆಲ, ಮರದ ಕಂಬ, ಎಲ್ಲಾ ಫೋಟೋದಲ್ಲಿದ್ದ ಹಾಗೇ ಇತ್ತು. ಫೋಟೋದಲ್ಲಿ ಇಲ್ಲದ್ದು ಮೆಟ್ಟಿಲು! ಲಿಫ್ಟ್ ಇಲ್ಲ, ಕಡಿದಾದ ಮರದ ಮೆಟ್ಟಿಲು, ಅಮ್ಮನಿಗೆ ಮಂಡಿನೋವು. ಗೋಡೆ ಹಿಡಿದು, ನಿಂತು ನಿಂತು ಹತ್ತಿದರು. ಹಿರಿಯರು ಜೊತೆಗಿದ್ದರೆ ಕೆಳಗಿನ ರೂಮೇ ಬೇಕು ಅಂತ ಮೊದಲೇ ಹೇಳಿ. ಆ್ಯಪಿನಲ್ಲಿ ಬರೆದು ಸುಮ್ನೆ ಕೂರಬೇಡಿ, ನೇರವಾಗಿ ಹೋಟೆಲಿಗೇ ಫೋನ್ ಮಾಡಿ.

ಆಗಲೇ ಬಿಸಿನೀರಿನ ವಿಷಯವನ್ನೂ ಕೇಳಿಬಿಡಿ, ಸೋಲಾರಾ ಗೀಸರಾ ಅಂತ. ನಾವಿದ್ದಲ್ಲಿ ಸೋಲಾರ್. ಬೆಳಿಗ್ಗೆ ಎಂಟೂವರೆಗೆ ನಾನು ಸ್ನಾನಕ್ಕೆ ಹೋಗುವಷ್ಟರಲ್ಲಿ ಬಿಸಿನೀರು ಖಾಲಿ, ತಣ್ಣೀರೇ ಗತಿ. ಕಾರು ನಿಲ್ಲಿಸಲು ಜಾಗ ಇದೆಯಾ ಅನ್ನುವುದೂ ಕೇಳಬೇಕಾದ್ದೇ.

ತಿಂಡಿ ಮಾತ್ರ ಸೂಪರ್. ಇಡ್ಲಿ ಹಬೆಯಾಡುತ್ತಾ ತಟ್ಟೆಗೆ ಬರುತ್ತಿತ್ತು, ಅಮ್ಮನಿಗೆ ಎರಡನೇ ದಿನ ನಾವು ಹೇಳದೆಯೇ ಸಕ್ಕರೆ ಇಲ್ಲದ ಕಾಫಿ ಬಂತು. ದೊಡ್ಡ ಹೋಟೆಲಿನಲ್ಲಿ ಇದೆಲ್ಲಾ ಯಾರು ನೆನಪಿಟ್ಟುಕೊಳ್ಳುತ್ತಾರೆ, ಅಲ್ವಾ?

ಇನ್ನೊಂದು: ಸಾಧ್ಯವಾದರೆ ಭಾನುವಾರ ರಾತ್ರಿ ಉಳಿಯಿರಿ. ಅರಮನೆಗೆ ದೀಪ ಹಾಕುವುದು ಭಾನುವಾರ ಮತ್ತು ಸರ್ಕಾರಿ ರಜೆ ದಿನ. ವಾರಾಂತ್ಯದ ಜನವೂ ಅಷ್ಟು ಹೊತ್ತಿಗೆ ಬೆಂಗಳೂರಿನ ದಾರಿ ಹಿಡಿದಿರುತ್ತಾರೆ. ದಸರಾ ಸಮಯದಲ್ಲಿ ಈ ಲೆಕ್ಕ ನಡೆಯಲ್ಲ.